ಆನೆಯ ಕೋಶ, ಇಲಿಯ ಕೋಶ

ಕನ್ನಡ ಪಾಠ ಹೇಳುವ ನಮಗೆ ವಿಜ್ಞಾನದ ಉಸಾಬರಿ ಏಕೆಂದು ಹೆತ್ತವರು ಕೇಳಿಯಾರು. ಎಂಟನೆಯ ತರಗತಿಯ ಪ್ರಬಂಧಗಳನ್ನು ತಿದ್ದುವಾಗ 'ಆನೆಯ ಜೀವಕೋಶ ದೊಡ್ಡದು, ಇಲಿಯದು ಚಿಕ್ಕದು' ಎಂಬ ವಾಕ್ಯವನ್ನು ಕಂಡೆವು. ವ್ಯಾಕರಣದ ತಪ್ಪು ಒಂದೂ ಇಲ್ಲ, ಸಂಗತಿಯೇ ತಪ್ಪು. ಎರಡರ ಯಕೃತ್ತಿನ ಕೋಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗಾತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆನೆಗೆ ಕೋಶಗಳ ಸಂಖ್ಯೆ ಹೆಚ್ಚು, ಅಷ್ಟೇ.

ಮೈಕ್ರೋಮೀಟರ್ ಎಂದರೇನೆಂದು ಕೇಳಿದರೆ ಅದೇ ಹುಡುಗ, ಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಎಂದು ತಡವರಿಸದೆ ಹೇಳಿದನು. ಬಾಯಿಗೆ ಬಂದದ್ದು ಕಣ್ಣಿಗೆ ಕಟ್ಟಿರಲಿಲ್ಲ. ಮಕ್ಕಳಿಗೆ ಅಳತೆಯ ಹೆಸರನ್ನು ಕೊಡುತ್ತೇವೆ, ಅಳತೆಯನ್ನು ಕೊಡುವುದಿಲ್ಲ. ಈ ತಪ್ಪಿನಲ್ಲಿ ನಾವೂ ಪಾಲುಗಾರರೇ.

ನಿಮ್ಮ ಸ್ಕೇಲಿನ ಅತಿ ಚಿಕ್ಕ ಎರಡು ಗೆರೆಗಳ ನಡುವಿನ ಜಾಗ 1 ಮಿಲಿಮೀಟರ್. ಅದನ್ನು 1000 ಪಾಲು ಮಾಡಿದರೆ ಒಂದು ಪಾಲು 1 ಮೈಕ್ರೋಮೀಟರ್. (ಹಳೆಯ ಪುಸ್ತಕಗಳ 'ಮೈಕ್ರಾನ್' ಇದೇ, ಆ ಹೆಸರನ್ನು ತೂಕ-ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು 1967ರಲ್ಲಿ ಕೈಬಿಟ್ಟಿತು.) ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ನಮ್ಮ ಕೆಂಪು ರಕ್ತಕಣದ ಅಗಲ 7ರಿಂದ 8. ಸ್ಕೇಲಿನ ಆ ಒಂದು ಸಂದಿಯಲ್ಲಿ ಸುಮಾರು 130 ಕಣಗಳು ಸಾಲಾಗಿ ನಿಂತಾವು. ಪ್ರಾಣಿಗಳ ಬಹುಪಾಲು ಕೋಶಗಳು 10ರಿಂದ 30ರೊಳಗಿನವು. ಅಂಗಡಿಯಿಂದ ತರುವ ಕೋಳಿಮೊಟ್ಟೆಯ ಹಳದಿ ಮಾತ್ರ ಅಷ್ಟೂ ಒಂದೇ ಕೋಶ! ಅದು ಆಹಾರ ತುಂಬಿಟ್ಟ ಉಗ್ರಾಣವೆನ್ನಿ.

ಉಳಿದವು ಏಕೆ ಇಷ್ಟು ಚಿಕ್ಕವು? ಕೋಶಕ್ಕೆ ಬೇಕಾದ ಆಹಾರ, ಆಮ್ಲಜನಕಗಳೆಲ್ಲ ಹೊರಪೊರೆಯ ಮೂಲಕವೇ ಒಳಬರಬೇಕು. ಕೋಶದ ಅಗಲ ಇಮ್ಮಡಿಯಾದರೆ ಪೊರೆ ನಾಲ್ಕು ಪಟ್ಟಾಗುತ್ತದೆ, ಒಡಲು ಎಂಟು ಪಟ್ಟಾಗುತ್ತದೆ. ಉಣ್ಣುವವರು ಎಂಟು ಪಟ್ಟಾಗಿ ಬಡಿಸುವವರು ನಾಲ್ಕೇ ಪಟ್ಟಾದರೆ ಪಂಕ್ತಿ ಸಾಗೀತೆ?

ಇದೆಲ್ಲ ಇಂಗ್ಲಿಷಿನಲ್ಲಿ ಕಲಿತರೆ ಮಾತ್ರ ತಿಳಿದೀತೆಂದು ಕೆಲವು ಹೆತ್ತವರು ನಮ್ಮೊಡನೆ ಹೇಳಿದ್ದುಂಟು. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 17ನೆಯ ಶತಮಾನದಲ್ಲಿ ತಾನು ಮಸೂರದಡಿ ಕಂಡುದರ ಗಾತ್ರವನ್ನು ಮರಳಿನ ಕಾಳಿನೊಡನೆ ಹೋಲಿಸಿ ತಿಳಿಸಿದನು. ಅವನು ಬರೆದದ್ದು ತನ್ನ ಊರಿನ ಡಚ್ ಭಾಷೆಯಲ್ಲಿ. ಕಾಸರಗೋಡಿನ ಕಡಲ ಕರೆಯವರಾದ ನಮಗೆ ಮರಳಿಗೇನು ಬರ?

ಮಕ್ಕಳ ಪುಸ್ತಕದಲ್ಲಿ ಕೋಶದ ಚಿತ್ರ 5 ಸೆಂಟಿಮೀಟರ್ ಅಗಲವಿರುತ್ತದೆ. 20 ಮೈಕ್ರೋಮೀಟರಿನ ಕೋಶವಾದರೆ ಅದು 2500 ಪಟ್ಟು ಹಿಗ್ಗಿಸಿದ ಚಿತ್ರ. ಆ ಮಾತು ಚಿತ್ರದಡಿಯಲ್ಲಿ ಎಲ್ಲಿಯೂ ಇಲ್ಲ. ಬರುವ ಜೂನಿನಿಂದ ಅದನ್ನು ಬರೆಯದವರ ಅರ್ಧ ಅಂಕ ಕಳೆಯಿರೆಂದು ವಿಜ್ಞಾನದ ಅಧ್ಯಾಪಕರಲ್ಲಿ ಕೇಳಿಕೊಂಡಿದ್ದೇವೆ. ಪ್ರಬಂಧದಲ್ಲಿ ನಾವೂ ಕಳೆಯಲಿದ್ದೇವೆ.