ರೂಪದರ್ಶಿಯಾಗಲು ಮೊದಲು ಹಣ ಕಟ್ಟಬೇಕೆ?

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಮಹಿಳೆಯರು ಸಿಕ್ಕುಗಟ್ಟಿದ ತಲೆಗೂದಲನ್ನು ಬಿಡಿಸಿ ವಿಂಗಡಿಸುತ್ತಾರೆ. ಅದು ವಿದೇಶಗಳಿಗೆ ರಫ್ತಾಗಿ ವಿಗ್ ತಯಾರಿಕೆಗೆ ಬಳಕೆಯಾಗುತ್ತದೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲಿ ಇಳಕಲ್ ಸೀರೆಯ ಮಗ್ಗಗಳಿವೆ. ಸೌಂದರ್ಯೋದ್ಯಮಕ್ಕೆ ಕೂದಲನ್ನೂ ಸೀರೆಯನ್ನೂ ಒದಗಿಸುವ ಜಿಲ್ಲೆಯ ಯುವಜನ ಅದೇ ಉದ್ಯಮದ ಮುಖವಾಗಲು ಬಯಸಿದರೆ ಮೂಗು ಮುರಿಯಬೇಕಾದ್ದೇನೂ ಇಲ್ಲ.

1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ನಾವು ಸಂಸ್ಕೃತಿಯ ಬಗ್ಗೆ ಸಾಕಷ್ಟು ವಾದಿಸಿದೆವು. ಈ ವೃತ್ತಿಯ ಅರ್ಥಶಾಸ್ತ್ರದ ಬಗ್ಗೆ ಮಾತ್ರ ಅಷ್ಟಾಗಿ ಯೋಚಿಸಲಿಲ್ಲ. ದೀಪಿಕಾ ಪಡುಕೋಣೆ ಅವರು ಬೆಂಗಳೂರಿನಲ್ಲಿ ಬೆಳೆದು, ರೂಪದರ್ಶಿಯಾಗಿ ಆರಂಭಿಸಿ ಚಿತ್ರರಂಗ ತಲುಪಿದರು. ಮಹಾನಗರದವರಿಗೆ ಛಾಯಾಗ್ರಾಹಕರು, ಜಾಹೀರಾತು ಸಂಸ್ಥೆಗಳು ಕೈಗೆಟುಕುವಷ್ಟು ಹತ್ತಿರ. ಯಲಬುರ್ಗಾದ ಯುವತಿಗಾದರೋ ಪ್ರತಿ ಆಯ್ಕೆ ಪರೀಕ್ಷೆಗೂ ಪ್ರಯಾಣ ವೆಚ್ಚ, ವಸತಿ ವೆಚ್ಚ, ಜೊತೆಗೆ ಮನೆಯವರ ಆತಂಕ.

ಆಕಾಂಕ್ಷಿಗಳು ಅಪಾರ, ಅವಕಾಶಗಳು ಬೆರಳೆಣಿಕೆಯಷ್ಟು. ಗಳಿಕೆಯ ಬಹುಪಾಲು ಕೆಲವರಿಗೇ ಸೇರುತ್ತದೆ. ಇಂಥ ಮಾರುಕಟ್ಟೆಯಲ್ಲಿ ಆಸೆಯೇ ಮಾರಾಟದ ಸರಕಾಗುತ್ತದೆ. ಪ್ರಾಮಾಣಿಕ ಏಜೆನ್ಸಿ ಕೆಲಸ ಕೊಡಿಸಿದ ಮೇಲೆ ಸಂಭಾವನೆಯಲ್ಲಿ ಪಾಲು ಪಡೆಯುತ್ತದೆ. ನೋಂದಣಿ, ತರಬೇತಿ, ಪೋರ್ಟ್‌ಫೋಲಿಯೊ ಎಂದು ಮೊದಲೇ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವವರ ಲಾಭ ಅಂದೇ ಕೈಸೇರಿರುತ್ತದೆ. ಕೆಲಸ ಹುಡುಕಿಕೊಡುವ ದರ್ದು ಅವರಿಗಿಲ್ಲ. ವಾಸ್ತವದಲ್ಲಿ ಹೊಸಬರಿಗೆ ಬೇಕಾದದ್ದು ಬೆಳಕಿನಲ್ಲಿ, ಅಲಂಕಾರವಿಲ್ಲದೆ ತೆಗೆದ ಕೆಲವು ಸ್ಪಷ್ಟ ಚಿತ್ರಗಳು ಮತ್ತು ನಿಖರವಾದ ಅಳತೆಗಳು. ಹೊಲ ಅಡವಿಟ್ಟು ಮಾಡಿಸುವ ಆಲ್ಬಂ ಅಲ್ಲ.

ಕಾನೂನು ಅಷ್ಟೊಂದು ದೂರವಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. 1872ರ ಕರಾರು ಕಾಯ್ದೆಯಡಿ 18 ತುಂಬದವರು ಸಹಿ ಮಾಡಿದ ಒಪ್ಪಂದ ಅವರನ್ನು ಕಟ್ಟಿಹಾಕದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ನೀಡಿದೆ. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಬೆಂಗಳೂರಿನಲ್ಲಿ ಹಣ ಕಳೆದುಕೊಂಡವರು ಕೊಪ್ಪಳದ ಗ್ರಾಹಕ ಆಯೋಗದಲ್ಲೇ ನ್ಯಾಯ ಕೇಳಬಹುದು. ಆದರೆ ರಸೀದಿ ಇರಬೇಕು. ರಸೀದಿ ಕೊಡದವರಿಗೆ ಹಣ ಕೊಡಬಾರದು.

ಇನ್ನು ಬಣ್ಣದ ಪ್ರಶ್ನೆ. ಕಪ್ಪು ಮೈಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಪದವನ್ನು ಕೈಬಿಟ್ಟಿತು. ಹೆಸರು ಬದಲಾದ ಮಾತ್ರಕ್ಕೆ ನೋಟ ಬದಲಾಗದು. ಗಂಗಾವತಿ, ಕೊಪ್ಪಳದ ಬಟ್ಟೆ ಮತ್ತು ಆಭರಣ ಮಳಿಗೆಗಳು ತಮ್ಮ ಫಲಕಗಳಿಗೆ ಸ್ಥಳೀಯರನ್ನೇ ಸಂಭಾವನೆ ಕೊಟ್ಟು ಆರಿಸಿಕೊಂಡರೆ ಈ ಬದಲಾವಣೆ ಬಿಸಿಲ ನಾಡಿನಿಂದಲೇ ಆರಂಭವಾಗಬಹುದು. ಹೊಸಬರಿಗೂ ಮೊದಲ ಅನುಭವ ಮನೆಯ ಹತ್ತಿರವೇ ದೊರೆಯುತ್ತದೆ.

ಪೋಷಕರಿಗೆ ನನ್ನ ಸಲಹೆ ಇಷ್ಟೆ: ಮಕ್ಕಳ ಆಸೆಯನ್ನು ಹತ್ತಿಕ್ಕಬೇಡಿ, ಓದನ್ನು ನಿಲ್ಲಿಸಲೂ ಬಿಡಬೇಡಿ. ರೂಪದರ್ಶಿಯ ಕೆಲಸವೂ ದುಡಿಮೆಯೇ. ದುಡಿಮೆಗೆ ಕೂಲಿ ಪಡೆಯಬೇಕೇ ಹೊರತು, ದುಡಿಯುವವರೇ ಹಣ ತೆರುವುದು ಯಾವ ನ್ಯಾಯ?