ಬಸ್ಸು ಬಾರದ ದಿನಕ್ಕೆ ಎಂತ ಬಣ್ಣ?

ತುಂಬಾ ದಿನದಿಂದ ಇಲ್ಲಿ ಏನೂ ಕುಟ್ಟಿರಲಿಲ್ಲ. ಆಫೀಸಿನ ಕೆಲಸ, ಜೊತೆಗೆ ಮಾಮೂಲಿ ಸೋಮಾರಿತನ :-) ಇವತ್ತು ಬರೆಯಲು ಕಾರಣ ಗೆಳೆಯನೊಬ್ಬ ಕಳಿಸಿದ ಫೋಟೋ. ಕೈಮಗ್ಗದ ದುಪಟ್ಟಾ, ಅದರ ಮೇಲೆ ನಮ್ಮ ಮೆಟ್ರೋದ ನೇರಳೆ, ಹಸಿರು, ಹಳದಿ ಗೆರೆಗಳು. "ಡೇಟಾದಿಂದಲೇ ಮಾಡಿಸಿದ್ದು ಗುರೂ" ಅಂತ ಬೇರೆ ಬರೆದಿದ್ದ.

ಚೆಂದ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದು ಮ್ಯಾಪು ಸ್ವಾಮೀ. ಸ್ಟೇಷನ್ನಿನ ಗೋಡೆಯಲ್ಲಿ ಇದ್ದದ್ದು ಹೆಗಲಿಗೆ ಬಂತು, ಅಷ್ಟೇ.

ಜರ್ಮನಿಯ ಮಹಿಳೆಯೊಬ್ಬರ ಕಥೆ ಕೇಳಿ. ಮ್ಯೂನಿಕ್ಕಿಗೆ ರೈಲಿನಲ್ಲಿ ಓಡಾಡುತ್ತಿದ್ದ ಅವರು 2018ರಲ್ಲಿ ಇಡೀ ವರ್ಷ ಒಂದು ಸ್ಕಾರ್ಫ್ ಹೆಣೆದರು. ದಿನಕ್ಕೆ ಎರಡು ಸಾಲು. ರೈಲು ತಡವಾದದ್ದು ಐದು ನಿಮಿಷದೊಳಗಾದರೆ ಬೂದು, ಅರ್ಧ ಗಂಟೆಯವರೆಗೆ ಗುಲಾಬಿ, ಅದಕ್ಕೂ ಹೆಚ್ಚು ಅಥವಾ ಹೋಗುವಾಗ ಬರುವಾಗ ಎರಡು ಸಲವೂ ತಡವಾದರೆ ಕೆಂಪು. 2019ರ ಜನವರಿಯಲ್ಲಿ ಅದು ಇಬೇಯಲ್ಲಿ 7,550 ಯೂರೋಗೆ ಹರಾಜಾಯಿತು, ಹಣ ದಾನಕ್ಕೆ ಹೋಯಿತು. ಆ ಡೇಟಾ ಯಾವ ಇಲಾಖೆಯೂ ಕೊಟ್ಟದ್ದಲ್ಲ, ಕಾದವರೇ ಬರೆದಿಟ್ಟದ್ದು.

ಇದನ್ನು ಓದಿ ಹುರುಪು ಬಂದು ನಾನೂ ಊರಿಗೆ, ಅಂದರೆ ನರಿಮೊಗರಿಗೆ ಹೋದಾಗ ಒಂದು ಎಕ್ಸೆಲ್ ಶೀಟ್ ಮಾಡಿದೆ. ಪುತ್ತೂರು ಪೇಟೆಗೆ ಹೋಗುವ ಬಸ್ಸಿನ ಸಮಯ, ತಡವಾದಷ್ಟೂ ಗಾಢ ಬಣ್ಣ. ಅಮ್ಮ ಕ್ರೋಶಾ ಹಾಕುತ್ತಾಳೆ, ಅವಳ ಕೈಗೆ ಕೊಟ್ಟೆ. ನೋಡಿ ಕೇಳಿದಳು:

"ಅಲ್ಲ ಮಾರಾಯ, ಬಸ್ಸೇ ಬಾರದ ದಿನಕ್ಕೆ ಎಂತ ಬಣ್ಣ ಹಾಕುದು?"

ನನ್ನ ಶೀಟಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ! ಡಾಕ್ಟರ ಹತ್ತಿರ ಹೋಗಬೇಕಾದವಳು ಆ ತಿಂಗಳಲ್ಲೇ ಎರಡು ಸಲ ಸ್ಟಾಪಿನಲ್ಲಿ ನಿಂತು ನಿಂತು, ಗಂಟುನೋವಿನ ಕಾಲಲ್ಲಿ ವಾಪಸ್ ನಡೆದು ಬಂದಿದ್ದಳಂತೆ. ನನಗೆ ಹೇಳಿಯೇ ಇರಲಿಲ್ಲ.

ನನ್ನ ಜಗಳ ಇರುವುದು ಇಲ್ಲೇ. ಟೈಮ್‌ಟೇಬಲ್ ಬಸ್ಸು ಯಾವಾಗ ಬರಬೇಕು ಅನ್ನುತ್ತದೆ. ಟಿಕೆಟ್ ಮೆಷಿನ್ ಹತ್ತಿದವರನ್ನು ಎಣಿಸುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ ಬಂತು, ಒಳ್ಳೆಯದೇ ಆಯಿತು. ಆದರೆ ಹತ್ತಲಿಕ್ಕೇ ಆಗದ ಹೆಂಗಸು ಆ ಲೆಕ್ಕದಲ್ಲಿ ಶೂನ್ಯವೂ ಅಲ್ಲ. ಸೊನ್ನೆ ಬೇರೆ, ನಲ್ ಬೇರೆ... ನಮ್ಮ ಫೀಲ್ಡಿನವರಿಗೆ ಇದನ್ನು ನಾನು ಹೇಳಿಕೊಡಬೇಕಾ?

"ಡೇಟಾ ಓಪನ್ ಮಾಡಿದರೆ ಎಲ್ಲ ಸರಿಹೋಗುತ್ತದೆ" ಅನ್ನುವವರಿದ್ದಾರೆ. ಮಾಡಲಿ, ನಾನೂ ಕೇಳುತ್ತೇನೆ. ಕೊಚ್ಚಿ ಮೆಟ್ರೋ 2018ರಲ್ಲೇ ತನ್ನ ವೇಳಾಪಟ್ಟಿಯನ್ನು ಜಿಟಿಎಫ್ಎಸ್ ರೂಪದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆದರೆ ಆ ಫೈಲಿನಲ್ಲಿ ಸ್ಟಾಪಿಗೆ ಒಂದು ಸಾಲು ಇರುತ್ತದೆಯೇ ಹೊರತು ಸ್ಟಾಪಿನಲ್ಲಿ ನಿಂತವರಿಗೆ ಇಲ್ಲ. ಅದನ್ನೇ ನೇಯ್ದರೆ ಇಲಾಖೆಯ ಆಶ್ವಾಸನೆಯನ್ನು ನೇಯ್ದಂತೆ.

ನೇಕಾರರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರಬೇಕು. ಉಡುಪಿ ಸೀರೆಯೇ ಇರಲಿ, ಯಾವುದೇ ಇರಲಿ, ಹಾಸು ಮೊದಲೇ ಮಗ್ಗಕ್ಕೆ ಏರಿರುತ್ತದೆ. ಹೊಕ್ಕು ಮಾತ್ರ ಒಂದೊಂದೇ ಎಳೆಯಾಗಿ ಬರಬೇಕು. ಟೈಮ್‌ಟೇಬಲ್ ಹಾಸಾದರೆ ರಸ್ತೆಯಲ್ಲಿ ನಡೆದದ್ದು ಹೊಕ್ಕು. ಬರೀ ಹಾಸು ಬಟ್ಟೆಯಾಗುವುದಿಲ್ಲ. ಇನ್ನೊಂದು ಮಾತು: ಬೆಂಗಳೂರಿನಲ್ಲಿ ಕೂತು ಫೈಲ್ ಕಳಿಸಿದವನು "ಡಿಸೈನರ್", ಎಳೆ ಎಣಿಸಿ ನೇಯ್ದವರು ಬರೀ "ಕೆಲಸದವರು" ಅನ್ನುವುದೂ ನಿಲ್ಲಬೇಕು. ಎಕ್ಸೆಲ್ ಶೀಟಿನ ತಪ್ಪನ್ನು ಹಿಡಿದದ್ದು ಇಂಜಿನಿಯರಿಂಗ್ ಓದಿದ ನಾನಲ್ಲ, ಸೂಜಿ ಹಿಡಿದ ಅಮ್ಮ.

ಅಂದಹಾಗೆ, ಆ ದಿನಗಳಿಗೆ ಅಮ್ಮ ಬಣ್ಣ ಹಾಕಲಿಲ್ಲ. ಜಾಲರಿಯ ಹಾಗೆ ತೂತು ತೂತು ಬಿಟ್ಟು ಒಂದೊಂದು ಸಾಲು ಹಾಕಿದಳು. ಟೀಪಾಯಿ ಮೇಲೆ ಹಾಸಿದರೆ ಅಡಿಯ ಮರ ಕಾಣುತ್ತದೆ. ಬಂದವರೆಲ್ಲ "ಇಲ್ಲಿ ಹರಿದಿದೆಯಾ?" ಅಂತ ಕೇಳುತ್ತಾರೆ. ಅಮ್ಮ ಕೂರಿಸಿ ಕಥೆ ಹೇಳುತ್ತಾಳೆ.

ಹಾಗಾಗಿ ಮ್ಯಾಪಿನ ದುಪಟ್ಟಾ ಕೊಳ್ಳುವ ಮೊದಲು ಒಂದು ತಿಂಗಳು ನಿಮ್ಮ ಸ್ಟಾಪಿನ ಲೆಕ್ಕ ನೀವೇ ಬರೆದಿಡಿ. ಬಾರದ ಬಸ್ಸನ್ನೂ ಸೇರಿಸಿ. ಆಮೇಲೆ ಬಣ್ಣದ ಮಾತು.

ನೀವೇನಂತೀರಿ?