ಕಾರು ಅಗ್ಗವಾಯಿತು, ಬ್ಯಾಟರಿ ನೋಡುವವರು ಯಾರು?

ಕಳೆದ ದೀಪಾವಳಿಗೆ ನವಲಗುಂದದ ಹತ್ತಿರದ ನನ್ನ ತವರೂರಿಗೆ ಹೋಗಿದ್ದೆವು. ಪಾಡ್ಯದ ರಾತ್ರಿ ಹನ್ನೊಂದಕ್ಕೆ ಅವ್ವನಿಗೆ ಒಮ್ಮೆಲೇ ಎದೆ ಹಿಡಿದಂತಾಯಿತು. ಅಂಗಳದಲ್ಲಿ ಕಾರು ಇದೆಯಲ್ಲ ಎಂಬ ಧೈರ್ಯ ನಮಗೆ. ಯಜಮಾನರು ಕೀಲಿ ತಿರುವಿದರೆ ‘ಟಕ್ ಟಕ್’ ಸದ್ದು ಬಿಟ್ಟು ಬೇರೇನೂ ಇಲ್ಲ! ಮಧ್ಯಾಹ್ನವಿಡೀ ಮಕ್ಕಳು ಅದರಲ್ಲಿ ಕೂತು ಹಾಡು ಕೇಳಿದ್ದರು. ಕಡೆಗೆ ಪಕ್ಕದ ಮನೆಯವರ ಗೂಡ್ಸ್ ಗಾಡಿಯಲ್ಲಿ ಅವ್ವನನ್ನು ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿದೆವು. ದೇವರ ದಯೆ, ಅವ್ವ ಚೇತರಿಸಿಕೊಂಡಳು.

ಮರುದಿನ ಬಂದ ಮೆಕ್ಯಾನಿಕ್ ಹುಡುಗ ಬಾನೆಟ್ ತೆರೆದು ನೋಡಿ ಹೇಳಿದ: “ಅಕ್ಕಾರ, ಬ್ಯಾಟರಿ ನಿನ್ನಿ ಸತ್ತಿದ್ದಲ್ರಿ. ಎರಡ್ಮೂರು ತಿಂಗಳಿಂದ ನಿಮಗ ಹೇಳಾಕತ್ತಿತ್ತು, ನೀವು ಕೇಳಸ್ಕೊಂಡಿಲ್ಲ.”

ಹೌದಲ್ಲ! ಬೆಳಿಗ್ಗೆ ಎಂಜಿನ್ ಗೊಣಗುತ್ತಾ ಚಾಲೂ ಆಗುತ್ತಿತ್ತು. ಕೀಲಿ ತಿರುವಿದಾಗ ಒಳಗಿನ ದೀಪ ಮಂಕಾಗುತ್ತಿತ್ತು. ‘ಥಂಡಿಗೆ ಹಂಗ ಆಗಿರಬೇಕು’ ಎಂದು ಸುಮ್ಮನಿದ್ದೆವು.

ತೆರಿಗೆ ಇಳಿಯಿತು, ಜವಾಬ್ದಾರಿ ಏರಿತು

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಬಿಡಿಭಾಗಗಳ ತೆರಿಗೆಯೂ ಶೇ 18ಕ್ಕೆ ಬಂತು. ಎಷ್ಟು ಸಾವಿರ ಉಳಿಯಿತು ಎಂಬ ಲೆಕ್ಕ ಎಲ್ಲರ ಮನೆಯಲ್ಲೂ ನಡೆಯಿತು. ಆದರೆ ಬಂದ ಕಾರು ಹೇಗೆ ಬಳಕೆಯಾಗುತ್ತದೆ ಎಂಬ ಮಾತು ಬರಲೇ ಇಲ್ಲ.

ನಮ್ಮಂಥ ಮನೆಗಳಲ್ಲಿ ಕಾರು ವಾರದಲ್ಲಿ ನಾಲ್ಕು ದಿನ ನಿಂತೇ ಇರುತ್ತದೆ. ಉಳಿದ ದಿನ ಶಾಲೆ, ಸಂತೆ ಎಂದು ಎರಡು ಕಿಲೋಮೀಟರ್ ಓಡಾಟ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೊರಟಾಗಷ್ಟೇ ದೂರದ ದಾರಿ. ಬ್ಯಾಟರಿ ಬೇಗ ಹಾಳಾಗುವುದೇ ಇಂಥ ಬಳಕೆಯಿಂದ! ಎಂಜಿನ್ ಚಾಲೂ ಮಾಡಲು ಒಮ್ಮೆಗೇ ಬಹಳ ಕರೆಂಟ್ ಬೇಕು. ಗಾಡಿ ಓಡುವಾಗ ಆಲ್ಟರ್ನೇಟರ್ ಅದನ್ನು ವಾಪಸ್ ತುಂಬಬೇಕು. ಎರಡು ಕಿಲೋಮೀಟರಿನಲ್ಲಿ ಅದೆಲ್ಲಿ ತುಂಬೀತು? ಡಬ್ಬಿಯಿಂದ ಸೇರು ಜೋಳ ತೆಗೆದು ಹಿಡಿಯಷ್ಟು ಹಾಕಿದಂತೆ. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರುತ್ತವೆ. ಮೇಲೆ ನಮ್ಮ ಬಿಸಿಲು. ಮೂರು–ನಾಲ್ಕು ವರ್ಷಕ್ಕೆ ಬ್ಯಾಟರಿಯ ಆಯುಷ್ಯ ಮುಗಿದರೆ ಆಶ್ಚರ್ಯವಿಲ್ಲ.

ನಾವೇ ಮಾಡಬಹುದಾದದ್ದು

* ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಕಾರು ಓಡಿಸಿ. ನಿಂತಲ್ಲೇ ಐದು ನಿಮಿಷ ಚಾಲೂ ಇಟ್ಟರೆ ಪ್ರಯೋಜನವಿಲ್ಲ.

* ಸರ್ವಿಸ್‌ಗೆ ಬಿಟ್ಟಾಗ ವೋಲ್ಟ್ ಅಳೆಯಲು ಹೇಳಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6ರ ಆಸುಪಾಸು ತೋರಿಸಿದರೆ ತುಂಬಿದೆ ಎಂದರ್ಥ. 12ಕ್ಕೆ ಇಳಿದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ಇಲ್ಲದಿದ್ದರೆ ತಪ್ಪು ಆಲ್ಟರ್ನೇಟರಿನದೂ ಇರಬಹುದು. ಸುಮ್ಮನೆ ಹೊಸ ಬ್ಯಾಟರಿ ಕೊಳ್ಳಬೇಡಿ.

* ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದರೆ ಕರೆಂಟ್ ಸರಿಯಾಗಿ ಹರಿಯದು. ಕಲಘಟಗಿ ಕಡೆಯ ಜಿಟಿಜಿಟಿ ಮಳೆಯಲ್ಲಿ ಇದರ ಮೇಲೆ ಕಣ್ಣಿರಲಿ. ಅಡುಗೆ ಸೋಡಾ ಕಲಸಿದ ಬೆಚ್ಚಗಿನ ನೀರಿನಿಂದ ಹಳೇ ಬ್ರಶ್ ಹಿಡಿದು ತಿಕ್ಕಿ, ಒರೆಸಿ, ವ್ಯಾಸಲೀನ್ ಸವರಿ. ವೈರ್ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕಡೆಗೆ. ಕೈಬಳೆ, ಉಂಗುರ ತೆಗೆದಿಡಿ.

* ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದನ್ನೇ ಹಾಕಿಸಿ. ತಂತಿ ಸುತ್ತಿ ‘ಸದ್ಯಕ್ಕ ನಡೀತೈತಿ’ ಎಂದರೆ ಒಪ್ಪಬೇಡಿ. ಬೆಂಕಿ ಬೀಳುವುದು ಅಲ್ಲೇ.

ಇಲಿ, ನೀರು, ಲೈಟು

ಸುಗ್ಗಿ ಮುಗಿದ ಮೇಲೆ ಹೊಲದ ಇಲಿಗಳು ಮನೆಯತ್ತ ಬರುವುದು ಯರಿ ಭೂಮಿಯವರಿಗೆ ಗೊತ್ತೇ ಇದೆ. ಬಾನೆಟ್ ಒಳಗಿನ ಬೆಚ್ಚನೆ ಜಾಗ, ಕಡಿಯಲು ವೈರು, ಇನ್ನೇನು ಬೇಕು ಅವಕ್ಕೆ? ಊರಿಗೆ ಹೋದಾಗ ಕಾರನ್ನು ಬಣವೆ, ಕಾಳಿನ ಚೀಲಗಳ ಹತ್ತಿರ ನಿಲ್ಲಿಸಬೇಡಿ. ಹೊರಡುವ ಮುಂಚೆ ಬಾನೆಟ್ ಎತ್ತಿ ಒಮ್ಮೆ ನೋಡಿ.

2019ರ ಆಗಸ್ಟ್ ಮಳೆಗೆ ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿದ್ದು ಯಾರೂ ಮರೆತಿಲ್ಲ. ನೀರಿನಲ್ಲಿ ನಿಂತ ಕಾರಿನ ಕೀಲಿ ಮಾತ್ರ ತಿರುವಬೇಡಿ. ಎಂಜಿನ್ನೂ ಹೋದೀತು, ವೈರಿಂಗೂ ಸುಟ್ಟೀತು.

ಇನ್ನು ಕಣ್ಣು ಕುಕ್ಕುವ ಲೈಟು. 2024ರ ಜುಲೈನಿಂದ ರಾಜ್ಯದ ಪೊಲೀಸರು ಇವುಗಳ ಮೇಲೆ ಕೇಸು ಹಾಕತೊಡಗಿದರು. ದಂಡದ ಮಾತು ಹಾಗಿರಲಿ, ಲೆಕ್ಕ ನೋಡಿ: ಅನೇಕ ಕಾರುಗಳ ಹೆಡ್‌ಲೈಟ್ ಬಲ್ಬು 60 ವಾಟ್, ಎಂದರೆ 5 ಆಂಪಿಯರ್. ಅದೇ ಜಾಗಕ್ಕೆ 100 ವಾಟಿನದನ್ನು ಹಾಕಿದರೆ 8 ಆಂಪಿಯರಿಗೂ ಹೆಚ್ಚು. ಅಷ್ಟಕ್ಕೆಂದು ಮಾಡಿರದ ವೈರು ಕಾಯ್ದು ಕರಗುತ್ತದೆ. ವೈರ್ ಕತ್ತರಿಸಿ ಏನನ್ನಾದರೂ ಜೋಡಿಸಿದರೆ ವಾರಂಟಿಗೂ ಕುತ್ತು.

ಕ್ಯಾಲೆಂಡರಿಗೊಂದು ಗುರುತು

ಹಳೇ ಬ್ಯಾಟರಿಯನ್ನು ಗುಜರಿಯವನಿಗೆ ಹಾಕಬೇಡಿ. ಒಳಗಿನ ಸೀಸ ವಿಷ. ಹೊಸದು ಕೊಂಡ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಳೆಯುತ್ತಾರೆ.

ಕಾರಿನ ಬಾಬತ್ತು ಗಂಡಸರದು ಎಂದು ಕೈತೊಳೆದುಕೊಂಡವರಲ್ಲಿ ನಾನೂ ಒಬ್ಬಳು. ಆ ರಾತ್ರಿ ಅಂಗಳದಲ್ಲಿ ನಿಂತಾಗ ಅರ್ಥವಾಯಿತು, ತೊಂದರೆ ಬಂದಾಗ ಅದು ಮನೆಮಂದಿಗೆಲ್ಲ ಬರುತ್ತದೆ. ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಹಚ್ಚಿದ ದಿನದ ಪಕ್ಕದಲ್ಲೇ ಬ್ಯಾಟರಿ ಕೊಂಡ ತಾರೀಖೂ ಇದೆ. ಕೀಲಿ ಯಾರ ಜೇಬಿನಲ್ಲಾದರೂ ಇರಲಿ, ಆ ತಾರೀಖು ನಿಮ್ಮ ಕಣ್ಣೆದುರಿಗಿರಲಿ.